ಹೆಜ್ಜಾರ್ಲೆ ಮೀನು ಹಿಡಿಯುವುದನ್ನು ನೋಡುವುದು ಹೇಗೆ?

"ರಂಗನತಿಟ್ಟಿಗೆ ಹೋಗಿದ್ದೆವು. ಮರದ ತುಂಬ ಹೆಜ್ಜಾರ್ಲೆಗಳಿದ್ದವು. ಆದರೆ ಒಂದೂ ಮೀನು ಹಿಡಿಯಲಿಲ್ಲ. ಯಾಕೆ?"

ಪ್ರತಿ ವರ್ಷ ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಓದುಗರಿಂದ ಈ ಪ್ರಶ್ನೆ ಬರತೊಡಗುತ್ತದೆ. ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದವರದೂ ಇದೇ ಮಾತು. ಚಿಕ್ಕ ಉತ್ತರ ಇಷ್ಟೇ: ನೀವು ಹೋದದ್ದು ಅವುಗಳ ಮನೆಗೆ. ಮೀನು ಸಿಗುವ ಸಂತೆ ಬೇರೆ ಕಡೆ ಇದೆ. ಉದ್ದದ ಉತ್ತರ ಕೆಳಗಿದೆ. ಹೆಜ್ಜಾರ್ಲೆ ಎಂದರೆ ಪೆಲಿಕನ್; ಇಲ್ಲಿ ಹೇಳುವುದೆಲ್ಲ ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆಯ ಬಗ್ಗೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಬೈನಾಕ್ಯುಲರ್, ಪೆನ್ಸಿಲ್, ಕಿಸೆಗೆ ಹಿಡಿಸುವ ನೋಟ್‌ಬುಕ್, ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲ್, ಟೋಪಿ, ನೀರು. ಬೈನಾಕ್ಯುಲರ್ ಮೇಲೆ 8 × 42 ಎಂದು ಬರೆದಿದ್ದರೆ ಅದು ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದು ಅರ್ಥ. ಹತ್ತು ಪಟ್ಟಿನದು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಕೈ ನಡುಗಿದರೆ ಅದರಲ್ಲಿ ನಡುಕವೂ ಹತ್ತು ಪಟ್ಟು ಕಾಣುತ್ತದೆ. ಒಂದೇ ಹಕ್ಕಿಯನ್ನು ಹತ್ತು ನಿಮಿಷ ಬಿಡದೆ ನೋಡಬೇಕಾದ ಈ ಕೆಲಸಕ್ಕೆ ಎಂಟೇ ಸಾಕು. ದೊಡ್ಡ ಲೆನ್ಸಿನ ಕ್ಯಾಮೆರಾ ಇದ್ದವರು ಮೊದಲ ಎರಡು ದಿನ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ನಾನು ಹೇಳುತ್ತೇನೆ. ಫೋಟೊ ತೆಗೆಯುವವರು ಕೊಕ್ಕು ನೀರಿಗೆ ಬಿದ್ದ ಕ್ಷಣವನ್ನು ಹಿಡಿದು, ತೆರೆಯ ಮೇಲೆ ಅದು ಹೇಗೆ ಬಂದಿದೆ ಎಂದು ಕಣ್ಣು ಕೆಳಗಿಳಿಸುತ್ತಾರೆ. ನೋಡಬೇಕಾದದ್ದು ನಡೆಯುವುದು ಆಗಲೇ.

1. ಜಾಗ ಆರಿಸಿಕೊಳ್ಳಿ

ಹೆಜ್ಜಾರ್ಲೆ ಮರದ ಮೇಲೆ ಗುಂಪಾಗಿ ಗೂಡು ಕಟ್ಟುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆ ಮರಗಳೇ ಅದಕ್ಕೆ ಮನೆ. ಆದರೆ ಮೀನಿಗೆ ಅದು ಶಿಂಷಾ ಹೊಳೆಗೋ ಸುತ್ತಲಿನ ಕೆರೆಗಳಿಗೋ ಹಾರಿ ಹೋಗಬೇಕು. ರಂಗನತಿಟ್ಟಿನಲ್ಲಿ ಕಾವೇರಿ ಪಕ್ಕದಲ್ಲೇ ಇರುವುದರಿಂದ ಅಲ್ಲೊಂದು ಇಲ್ಲೊಂದು ನೀರಿನಲ್ಲಿ ಕಾಣಬಹುದು. ಆದರೂ ಸಾಗುತ್ತಿರುವ ದೋಣಿಯಲ್ಲಿ ಕುಳಿತು ಒಂದು ಹಕ್ಕಿಯ ಊಟವನ್ನು ಮೊದಲಿನಿಂದ ಕೊನೆಯವರೆಗೆ ನೋಡಲು ಆಗುವುದಿಲ್ಲ.

ನಿಮಗೆ ಬೇಕಾದದ್ದು ಸುತ್ತ ನಡೆದಾಡಲು ದಾರಿಯಿರುವ, ನಡುವೆ ತೆರೆದ ನೀರಿರುವ ಕೆರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಾರಂಜಿ ಕೆರೆಯೂ ಆದೀತು. ಬೆಂಗಳೂರಿನವರಿಗೆ ಜಕ್ಕೂರು, ಹೆಬ್ಬಾಳ, ಮಡಿವಾಳ ಕೆರೆಗಳಿವೆ. ನಿಮ್ಮ ಊರಿನ ಕೆರೆಯಲ್ಲೇ ಎರಡು ಹೆಜ್ಜಾರ್ಲೆ ಇದ್ದರೆ ಎಲ್ಲಿಗೂ ಹೋಗಬೇಡಿ. ಇನ್ನೂರು ಹಕ್ಕಿ ಇರುವ ಜಾಗಕ್ಕಿಂತ ಎರಡೇ ಇರುವ ಜಾಗದಲ್ಲಿ ಕಲಿಯುವುದು ಸುಲಭ. ನೀರುಕಳೆ ಮುಚ್ಚಿಕೊಂಡ ಕೆರೆ ಬೇಡ. ಕೊಕ್ಕಿನ ಬಲೆ ಬೀಸಲು ಜಾಗವಿಲ್ಲದ ಕಡೆ ಹೆಜ್ಜಾರ್ಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

2. ಹೊತ್ತು ಮತ್ತು ಬಿಸಿಲು

ಬೆಳಗಿನ ಮೊದಲ ಎರಡು ಮೂರು ಗಂಟೆ ಒಳ್ಳೆಯದು. ಸಂಜೆ ನಾಲ್ಕರ ಮೇಲೂ ಪರವಾಗಿಲ್ಲ. ಬಿಸಿಲೇರಿದ ಮೇಲೆ ಇವು ಬಿಸಿಗಾಳಿಯ ಮೇಲೆ ಸುತ್ತುತ್ತಾ ಎತ್ತರಕ್ಕೆ ಹೋಗುತ್ತವೆ, ಇಲ್ಲವೇ ದಡದಲ್ಲಿ ನಿಂತು ಗರಿ ತಿದ್ದಿಕೊಳ್ಳುತ್ತವೆ. ಸ್ವಲ್ಪಮಟ್ಟಿಗೆ ರಾತ್ರಿಯೂ ಮೀನು ಹಿಡಿಯುತ್ತವೆ. ಆದ್ದರಿಂದ ಬೆಳಗ್ಗೆ ಏಳಕ್ಕೆ ಹಕ್ಕಿ ಸುಮ್ಮನೆ ತೇಲುತ್ತಿದ್ದರೆ ಅದಕ್ಕೆ ಹಸಿವಿಲ್ಲದೆ ಇರಬಹುದು. "ಇಡೀ ದಿನದಲ್ಲಿ ಇಷ್ಟು ತಿಂದಿತು" ಎಂದು ಬರೆಯುವ ಮುನ್ನ ಇದನ್ನು ನೆನಪಿಡಿ.

ತಿಂಗಳುಗಳಲ್ಲಿ ಹೇಳುವುದಾದರೆ ಫೆಬ್ರುವರಿಯಿಂದ ಮೇ ನನಗೆ ಇಷ್ಟ. ನೀರು ಇಳಿದು ಮೀನು ಒಂದೆಡೆ ಸೇರುತ್ತದೆ, ಅದರ ಹಿಂದೆ ಹಕ್ಕಿಯೂ ಸೇರುತ್ತದೆ. ಕೆರೆ ಕೋಡಿ ಬಿದ್ದ ಮಳೆಗಾಲದಲ್ಲಿ ಎರಡೂ ಚದುರಿರುತ್ತವೆ.

ಹೊಸಬರೆಲ್ಲ ಎಡವುವುದು ಬಿಸಿಲಿನ ದಿಕ್ಕಿನಲ್ಲಿ. ಬೆಳಗ್ಗೆ ಕೆರೆಯ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿ. ಸಂಜೆ ಇದಕ್ಕೆ ಉಲ್ಟಾ. ಸೂರ್ಯನಿಗೆ ಎದುರಾಗಿ ನಿಂತರೆ ಹೊಳೆಯುವ ನೀರಿನ ಮೇಲೆ ಕಪ್ಪು ಆಕಾರ ಮಾತ್ರ ಕಾಣುತ್ತದೆ. ಕೊಕ್ಕಿನ ಚೀಲ ತುಂಬಿದೆಯೋ ಖಾಲಿಯೋ ಎಂದು ದೇವರಿಗೂ ಗೊತ್ತಾಗುವುದಿಲ್ಲ.

3. ಹಕ್ಕಿ ಇದೇ ಹೌದೇ?

ನಮ್ಮಲ್ಲಿ ಉದ್ದ ಕಾಲಿನ ನೀರುಹಕ್ಕಿಗಳನ್ನೆಲ್ಲ "ಕೊಕ್ಕರೆ" ಎಂದುಬಿಡುವ ರೂಢಿಯಿದೆ. ಹೆಜ್ಜಾರ್ಲೆಯ ಕಾಲು ಗಿಡ್ಡ, ಬೆರಳುಗಳ ನಡುವೆ ಬಾತುಕೋಳಿಯಂತೆ ಚರ್ಮ. ಮೈ ಬೂದು ಬಿಳಿ, ಕತ್ತಿನ ಹಿಂಭಾಗದಲ್ಲಿ ಸುರುಳಿ ಸುರುಳಿ ಗರಿ. ಮೇಲಿನ ಕೊಕ್ಕಿನ ಅಂಚಿನಲ್ಲಿ ಸಾಲಾಗಿ ಚುಕ್ಕೆಗಳು. ಕೆಳಗೆ ಜೋಲುವ ಚೀಲ ನಸುಗೆಂಪು, ಕೆಲವದರಲ್ಲಿ ನೇರಳೆಗೆ ತಿರುಗಿದ ಬಣ್ಣ. ತೂಕ ನಾಲ್ಕರಿಂದ ಆರು ಕೆ.ಜಿ., ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು.

ಪಕ್ಕದಲ್ಲೇ ಮಂಡಿಯುದ್ದ ನೀರಿನಲ್ಲಿ ನಡೆಯುತ್ತಾ, ಅರೆತೆರೆದ ಹಳದಿ ಕೊಕ್ಕನ್ನು ನೀರಿನೊಳಗೆ ಆಡಿಸುತ್ತಿರುವುದು ಬಣ್ಣದ ಕೊಕ್ಕರೆ. ಅದು ಮುಖ್ಯವಾಗಿ ಸ್ಪರ್ಶವನ್ನು ನೆಚ್ಚಿಕೊಂಡಿದೆ, ಮೀನು ಕೊಕ್ಕಿಗೆ ತಾಗಿದೊಡನೆ ಮುಚ್ಚುತ್ತದೆ. ಹೆಜ್ಜಾರ್ಲೆ ತೇಲುತ್ತಾ ಕಣ್ಣಿಟ್ಟು ನೋಡಿ ಬಲೆ ಬೀಸುತ್ತದೆ. ಎರಡೂ ಒಂದೇ ಕೆರೆಯಲ್ಲಿ, ಒಂದೇ ಮರದಲ್ಲಿ ಇರಬಹುದು. ಅಡುಗೆ ಮನೆ ಮಾತ್ರ ಬೇರೆ.

4. ದೂರ

ದಡದಿಂದ ಎಷ್ಟು ದೂರ ನಿಲ್ಲಬೇಕು ಎಂಬುದಕ್ಕೆ ಮೀಟರಿನ ಲೆಕ್ಕಕ್ಕಿಂತ ಹಕ್ಕಿಯ ಕತ್ತು ಒಳ್ಳೆಯ ಅಳತೆ. ನಿಶ್ಚಿಂತೆಯಿಂದ ತೇಲುವ ಹೆಜ್ಜಾರ್ಲೆ ಕತ್ತನ್ನು ಮಡಿಚಿ, ಕೊಕ್ಕನ್ನು ಎದೆಯ ಹತ್ತಿರ ಇಟ್ಟುಕೊಂಡಿರುತ್ತದೆ. ಕತ್ತು ನೆಟ್ಟಗಾಗಿ, ಇದ್ದ ಹಕ್ಕಿಗಳೆಲ್ಲ ಒಂದೇ ದಿಕ್ಕಿಗೆ ತೇಲತೊಡಗಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ. ಹತ್ತು ಹೆಜ್ಜೆ ಹಿಂದೆ ಸರಿದು ಕುಳಿತುಕೊಳ್ಳಿ, ಕಾಲು ಗಂಟೆ ಏನನ್ನೂ ಬರೆಯಬೇಡಿ. ಬೆದರಿದ ಹಕ್ಕಿಯ ವರ್ತನೆ ನಿಮ್ಮ ಬಗ್ಗೆ ಹೇಳುತ್ತದೆಯೇ ಹೊರತು ಅದರ ಊಟದ ಬಗ್ಗೆ ಅಲ್ಲ. ಡ್ರೋನ್ ಹಾರಿಸುವ ಆಸೆಯಿದ್ದರೆ ಬಿಟ್ಟುಬಿಡಿ.

5. ಒಂದು ಅದ್ದು: ಐದು ತುಂಡುಗಳಲ್ಲಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವವರಿದ್ದರೆ ಇದನ್ನು ಓದಿ.

ಹೆಜ್ಜಾರ್ಲೆ ನೀರಿನೊಳಗೆ ಮುಳುಗಿ ಮೀನನ್ನು ಅಟ್ಟುವುದಿಲ್ಲ. ಅದು ನೀರುಕಾಗೆಯ ಕಸುಬು. ಹೆಜ್ಜಾರ್ಲೆಯ ಚರ್ಮದಡಿ ಗಾಳಿಯ ಚೀಲಗಳಿವೆ, ಮೂಳೆಯೊಳಗೂ ಗಾಳಿಯಿದೆ. ಹೀಗಾಗಿ ಅದು ಬೆಂಡಿನಂತೆ ತೇಲುತ್ತದೆ. ಎತ್ತರದಿಂದ ನೀರಿಗೆ ಧುಮುಕಿ ಮೀನು ಹಿಡಿಯುವ ಹೆಜ್ಜಾರ್ಲೆಗಳನ್ನು ನೀವು ವಿಡಿಯೊಗಳಲ್ಲಿ ನೋಡಿರಬಹುದು. ಅವು ಅಮೆರಿಕ ಖಂಡಗಳ ಕರಾವಳಿಯ ಜಾತಿಗಳು. ನಮ್ಮದು ತೇಲುತ್ತಲೇ ತಲೆ, ಕತ್ತು ಎಟುಕುವಷ್ಟು ಆಳದ ಮೀನನ್ನು ಬಾಚುತ್ತದೆ.

ಮೊದಲ ತುಂಡು, ನೋಟ. ತೇಲುವ ವೇಗ ಕಡಿಮೆಯಾಗುತ್ತದೆ, ಕೊಕ್ಕಿನ ತುದಿ ನೀರಿಗೆ ಹತ್ತಿರವಾಗುತ್ತದೆ.

ಎರಡನೆಯದು, ಅದ್ದು. ಮಡಿಚಿದ ಕತ್ತು ಒಮ್ಮೆಗೇ ಮುಂದಕ್ಕೆ ಚಾಚುತ್ತದೆ. ಸುಮಾರು ಒಂದಡಿ ಉದ್ದದ ಕೊಕ್ಕು ತೆರೆದು ನೀರಿಗೆ ಇಳಿಯುತ್ತದೆ. ಕೆಳದವಡೆಯ ಎರಡು ಕಡ್ಡಿಗಳು ಬಿಲ್ಲಿನಂತೆ ಹೊರಕ್ಕೆ ಬಾಗುತ್ತವೆ, ನಡುವಿನ ಚರ್ಮ ಹಿಗ್ಗಿ ಕೈಬಲೆಯಾಗುತ್ತದೆ. ಮೀನು, ನೀರು ಎರಡೂ ಒಟ್ಟಿಗೆ ಒಳಗೆ.

ಮೂರನೆಯದು, ಮುಚ್ಚು. ಮೇಲಿನ ಕೊಕ್ಕು ಮುಚ್ಚಳದಂತೆ ಬೀಳುತ್ತದೆ. ಅದರ ತುದಿಯಲ್ಲಿ ಉಗುರಿನಂಥ ಸಣ್ಣ ಕೊಕ್ಕೆಯಿದೆ.

ನಾಲ್ಕನೆಯದು, ಬಸಿ. ಕೊಕ್ಕಿನ ತುದಿಯನ್ನು ಕೆಳಗೆ ಮಾಡಿ, ಚೀಲವನ್ನು ಎದೆಗೆ ಒತ್ತಿ ಹಿಡಿದು ಹಕ್ಕಿ ನೀರನ್ನು ಹೊರಗೆ ಬಿಡುತ್ತದೆ, ಅನ್ನದ ಗಂಜಿ ಬಸಿದ ಹಾಗೆ. ಇದು ಎರಡು ಮೂರು ಸೆಕೆಂಡಿನಲ್ಲಿ ಮುಗಿಯಬಹುದು, ಅದರ ಹಲವು ಪಟ್ಟು ಹೊತ್ತೂ ಹಿಡಿಯಬಹುದು. ಮೀನು ದಕ್ಕಿತೋ ಇಲ್ಲವೋ ಎಂಬುದರ ಸುಳಿವು ಇಲ್ಲೇ ಸಿಗುವುದು. ಬಲೆ ಖಾಲಿಯಿದ್ದರೆ ಹಕ್ಕಿ ಬಸಿಯುವ ಗೋಜಿಗೆ ಹೋಗದೆ ಕೊಕ್ಕು ಸಡಿಲ ಬಿಟ್ಟು ನೀರು ಚೆಲ್ಲಿ ಮುಂದೆ ತೇಲುತ್ತದೆ. ಒಳಗೇನೋ ಇದ್ದರೆ ಕೊಕ್ಕನ್ನು ಬಿಗಿಯಾಗಿ ಹಿಡಿದು, ತಾಳ್ಮೆಯಿಂದ ಬಸಿಯುತ್ತದೆ. ಹಿಗ್ಗಿದ ಚರ್ಮದಲ್ಲಿ ಮೀನು ಒದ್ದಾಡುವುದು ಬೈನಾಕ್ಯುಲರಿನಲ್ಲಿ ಕಾಣುತ್ತದೆ.

ಐದನೆಯದು, ನುಂಗು. ಕೊಕ್ಕು ಆಕಾಶಕ್ಕೆ ಏಳುತ್ತದೆ, ಒಂದೆರಡು ಕೊಡವು, ಕತ್ತಿನಲ್ಲಿ ಒಂದು ಗಂಟು ಕೆಳಗಿಳಿಯುತ್ತದೆ. ಮೀನನ್ನು ತಲೆಯ ಕಡೆಯಿಂದ ನುಂಗುವುದು ವಾಡಿಕೆ. ಕೆರೆಗಳಲ್ಲಿ ಈಗ ಧಾರಾಳವಾಗಿರುವ ಜಿಲೇಬಿ ಮೀನಿನ ಬೆನ್ನಿನ ಮುಳ್ಳುಗಳು ಹಿಂದಕ್ಕೆ ಮಡಚುವುದರಿಂದ, ಬಾಲದ ಕಡೆಯಿಂದ ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದೊಡ್ಡ ಮೀನಾದರೆ ಹಕ್ಕಿ ಅದನ್ನು ಕೊಕ್ಕಿನಲ್ಲೇ ತಿರುಗಿಸಿಕೊಳ್ಳುವ ಸರ್ಕಸ್ ನೋಡಲು ಸಿಗುತ್ತದೆ.

ಇಲ್ಲಿಗೆ ಒಂದು ಹಳೆಯ ತಪ್ಪು ಕಲ್ಪನೆಯನ್ನೂ ಬಿಡಬಹುದು. ಚೀಲವೆಂದರೆ ಮೀನು ತುಂಬಿಕೊಂಡು ಹೋಗುವ ಬುಟ್ಟಿಯಲ್ಲ, ಹಿಡಿಯುವ ಬಲೆ. ಮರಿಗಳಿಗೆ ಒಯ್ಯುವ ಮೀನು ಹೋಗುವುದು ಹೊಟ್ಟೆ, ಅನ್ನನಾಳಗಳಲ್ಲಿ.

6. ಬರೆದುಕೊಳ್ಳುವ ಕ್ರಮ

ಕೆರೆಯ ಕಡೆ ಕಣ್ಣಾಡಿಸಿ "ಆಗಾಗ ಮೀನು ಹಿಡಿಯುತ್ತಿದ್ದವು" ಎಂದು ಬರೆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಗದ್ದಲ ಮಾಡುವ ಹಕ್ಕಿಯ ಕಡೆಗೇ ಕಣ್ಣು ಹೋಗುತ್ತದೆ, ಸುಮ್ಮನಿರುವುದು ಲೆಕ್ಕಕ್ಕೇ ಬರುವುದಿಲ್ಲ. ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುವವರಿಗೆ ಈ ತೊಡಕನ್ನು 1974ರಲ್ಲಿ ಬಿಡಿಸಿ ತೋರಿಸಿದವರು ಜೀನ್ ಆಲ್ಟ್‌ಮನ್. ಅವರು ವಿವರಿಸಿದ ಎರಡು ವಿಧಾನಗಳು ನಮಗೆ ಸಾಕು.

ಒಂದು, ಒಂಟಿಹಕ್ಕಿ ವಿಧಾನ. ಶುರು ಮಾಡುವ ಮೊದಲೇ ಒಂದು ಹಕ್ಕಿಯನ್ನು ಆರಿಸಿ, ಹತ್ತು ನಿಮಿಷ ಅದನ್ನೊಂದನ್ನೇ ನೋಡಿ. ಪಕ್ಕದ ಹಕ್ಕಿ ದೊಡ್ಡ ಮೀನು ಹಿಡಿದರೂ ತಿರುಗಬೇಡಿ. ಆರಿಸುವಾಗ "ಈಗ ಮೀನು ಹಿಡಿಯುತ್ತಿದೆ, ಇದನ್ನೇ ನೋಡೋಣ" ಎನ್ನಬಾರದು, ಎಡದಿಂದ ಮೂರನೆಯದು ಎಂದೋ ಐದನೆಯದು ಎಂದೋ ಮೊದಲೇ ನಿಶ್ಚಯಿಸಿಕೊಳ್ಳಿ. ಎರಡು, ಸುತ್ತುನೋಟ. ಹದಿನೈದು ನಿಮಿಷಕ್ಕೊಮ್ಮೆ ಕೆರೆಯನ್ನು ಎಡದಿಂದ ಬಲಕ್ಕೆ ಒಂದು ಸಲ ನೋಡಿ, ಎಷ್ಟು ಹಕ್ಕಿ ಮೀನು ಹಿಡಿಯುತ್ತಿವೆ, ಎಷ್ಟು ವಿಶ್ರಾಂತಿಯಲ್ಲಿವೆ, ಎಷ್ಟು ಗರಿ ತಿದ್ದಿಕೊಳ್ಳುತ್ತಿವೆ ಎಂದು ಮೂರು ಅಂಕಿ ಬರೆಯಿರಿ. ಮೊದಲನೆಯದು ಹಕ್ಕಿ ಹೇಗೆ ತಿನ್ನುತ್ತದೆ ಎಂಬುದನ್ನು ತಿಳಿಸಿದರೆ ಎರಡನೆಯದು ಯಾವ ಹೊತ್ತಿಗೆ ತಿನ್ನುತ್ತದೆ ಎಂಬುದನ್ನು.

ಒಂಟಿಹಕ್ಕಿ ವಿಧಾನದಲ್ಲಿ ಬರೆಯಲು ತಲೆ ಬಗ್ಗಿಸಿದರೆ ಒಂದು ಅದ್ದು ಕೈತಪ್ಪುತ್ತದೆ. ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿ, ಕಣ್ಣು ತೆಗೆಯದೆ "ಅದ್ದಿತು, ಬಸಿಯಿತು, ನುಂಗಿತು" ಎಂದು ಹೇಳುತ್ತಾ ಹೋಗಿ. ವಾಕಿಂಗ್ ಬಂದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮನೆಗೆ ಬಂದು ಕೇಳಿಸಿಕೊಂಡು ನಾಲ್ಕು ಕಾಲಮಿನ ಪಟ್ಟಿಗೆ ಇಳಿಸಿ: ಅದ್ದು, ಸಿಕ್ಕಿತು, ತಪ್ಪಿತು, ಗೊತ್ತಾಗಲಿಲ್ಲ.

ಕೊನೆಯ ಕಾಲಮನ್ನು ನಾಚಿಕೆಪಡದೆ ತುಂಬಿಸಿ. ಉದಾಹರಣೆಗೆ ಹತ್ತು ನಿಮಿಷದಲ್ಲಿ 12 ಅದ್ದು, ಅದರಲ್ಲಿ 3 ಸಿಕ್ಕಿತು, 7 ತಪ್ಪಿತು, 2 ಗೊತ್ತಾಗಲಿಲ್ಲ ಎಂದಿಟ್ಟುಕೊಳ್ಳಿ. ಆಗ ಹಕ್ಕಿ ಗೆದ್ದದ್ದು ಕನಿಷ್ಠ ಶೇ 25, ಗರಿಷ್ಠ ಶೇ 42. ಹೀಗೆ ಎರಡೂ ತುದಿ ಬರೆಯುವುದೇ ಪ್ರಾಮಾಣಿಕ ಲೆಕ್ಕ. ಬೆರಳುದ್ದದ ಸಣ್ಣ ಮೀನಾದರೆ ಕತ್ತಿನಲ್ಲಿ ಗಂಟೇ ಕಾಣದಿರುವುದರಿಂದ ಈ ಕಾಲಮ್ ಖಾಲಿ ಇರುವುದು ಅಪರೂಪ. ಯಾರಾದರೂ ಸೊನ್ನೆ ಬರೆದು ತಂದರೆ ನನಗೆ ಅನುಮಾನ.

ಮೀನಿನ ಅಳತೆಗೆ ಕೊಕ್ಕನ್ನೇ ಸ್ಕೇಲು ಮಾಡಿಕೊಳ್ಳಿ. ಕಾಲು ಕೊಕ್ಕು, ಅರ್ಧ ಕೊಕ್ಕು, ಅದಕ್ಕಿಂತ ದೊಡ್ಡದು ಎಂಬ ಮೂರು ವಿಭಾಗ ಸಾಕು. ದೂರದಿಂದ ಸೆಂಟಿಮೀಟರ್ ಹೇಳುವವರನ್ನು ನಂಬಬೇಡಿ.

7. ಊಟದಂತೆ ಕಾಣುವ, ಊಟವಲ್ಲದ ನಾಲ್ಕು

ನನ್ನ ಮೊದಲ ನೋಟ್‌ಬುಕ್ಕಿನ ಅರ್ಧ ಲೆಕ್ಕ ಹೊಡೆದು ಹಾಕಬೇಕಾಗಿ ಬಂದದ್ದು ಇವುಗಳಿಂದ.

ಗಂಟಲು ನಡುಕ: ಬಿಸಿಲಿನಲ್ಲಿ ಬಾಯಿ ಅರೆತೆರೆದು ಚೀಲದ ಚರ್ಮವನ್ನು ಪಟಪಟನೆ ಅಲುಗಿಸುವುದು. ಮೈ ತಂಪು ಮಾಡಿಕೊಳ್ಳುವ ಉಪಾಯವಿದು. ನುಂಗುತ್ತಿದೆ ಎಂದು ನಾನು ಪುಟಗಟ್ಟಲೆ ಬರೆದಿದ್ದೆ.

ಚೀಲದ ಆಕಳಿಕೆ: ಕೊಕ್ಕನ್ನು ಅಗಲಿಸಿ, ಚೀಲವನ್ನು ಕತ್ತಿನ ಮೇಲೆಳೆದು, ಒಳಗಿನ ಕತ್ತಿನ ಆಕಾರ ಮೂಡುವಂತೆ ಹಿಗ್ಗಿಸುವುದು. ಮೊದಲ ಸಲ ನೋಡಿದವರು ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ಗಾಬರಿಯಾಗುತ್ತಾರೆ. ಚರ್ಮವನ್ನು ಸಡಿಲ ಮಾಡಿಕೊಳ್ಳುವ ಮೈಮುರಿತವಷ್ಟೇ.

ಸ್ನಾನ: ರೆಕ್ಕೆ ಬಡಿಯುತ್ತಾ ತಲೆಯನ್ನು ಮತ್ತೆ ಮತ್ತೆ ನೀರಿಗೆ ಅದ್ದುವುದು. ರೆಕ್ಕೆ ಸೇರಿಕೊಂಡರೆ ಅದ್ದಿನ ಲೆಕ್ಕ ನಿಲ್ಲಿಸಿ. ಮುಂದೆ ಕೊಕ್ಕು ಬೆನ್ನಿನ ಗರಿಗೆ ಹೋದರೆ ಸ್ನಾನವೇ ಹೌದು.

ನೀರು ಕುಡಿಯುವುದು: ಕೊಕ್ಕಿನ ತುದಿ ಮಾತ್ರ ಅದ್ದುತ್ತದೆ, ಕೆಳದವಡೆ ಬಿಲ್ಲಾಗುವುದಿಲ್ಲ, ಬಸಿಯುವುದೂ ಇಲ್ಲ.

8. ಜೊತೆಗಾರರು, ಕಳ್ಳರು

ಚಳಿಗಾಲದಲ್ಲಿ ಭಾರತಕ್ಕೆ ಬರುವ ಬಿಳಿ ಹೆಜ್ಜಾರ್ಲೆ ಅರ್ಧಚಂದ್ರಾಕಾರದಲ್ಲಿ ಸಾಲುಗಟ್ಟಿ, ಒಟ್ಟಿಗೇ ಕೊಕ್ಕು ಅದ್ದುವುದಕ್ಕೆ ಹೆಸರುವಾಸಿ. ನಮ್ಮ ಚುಕ್ಕೆ ಕೊಕ್ಕಿನದು ಬಹುಪಾಲು ಒಂಟಿಯಾಗಿ ಅಥವಾ ಸಣ್ಣ ಗುಂಪಿನಲ್ಲಿ ಮೀನು ಹಿಡಿಯುತ್ತದೆ. ಕೆಲವೊಮ್ಮೆ ಇದೂ ಸಾಲುಗಟ್ಟಿ ಮೀನನ್ನು ಆಳವಿಲ್ಲದ ಕಡೆಗೆ ಅಟ್ಟುವುದುಂಟು. ಗುಂಪು ಕಂಡಾಗ ಬರೆಯಬೇಕಾದದ್ದು ಮೂರು: ಎಷ್ಟು ಹಕ್ಕಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿವೆಯೇ, ಒಟ್ಟಿಗೇ ಅದ್ದುತ್ತಿವೆಯೇ. ಹತ್ತಿರ ಹತ್ತಿರ ಇದ್ದ ಮಾತ್ರಕ್ಕೆ ಸಹಕಾರವಲ್ಲ, ಸಂತೆಯಲ್ಲಿ ಜನ ಸೇರಿದಂತೆ ಮೀನಿರುವ ಕಡೆ ಸೇರಿರಬಹುದು.

ನೀರುಕಾಗೆಗಳ ಹಿಂಡು ಮುಳುಗುತ್ತಿರುವ ಕಡೆಗೆ ಹೆಜ್ಜಾರ್ಲೆ ತೇಲಿ ಬರುವುದನ್ನು ಗಮನಿಸಿ. ಅವು ಅಡಿಯಿಂದ ಕಲಕಿದರೆ ಮೀನು ಮೇಲೆ ಬರುತ್ತದೆ. ಆಕಾಶದ ಮೇಲೂ ಒಂದು ಕಣ್ಣಿರಲಿ, ಬೇರೆಯವರ ಮೀನಿಗೆ ಹದ್ದು, ಗರುಡಗಳು ಹೊಂಚು ಹಾಕುತ್ತಿರುತ್ತವೆ.

ಬೆಸ್ತರು ಬಲೆ ಎಳೆಯುವ ದಿನ ಹೆಜ್ಜಾರ್ಲೆಗಳು ತೆಪ್ಪದ ಸುತ್ತ ನೆಂಟರಂತೆ ನೆರೆಯುತ್ತವೆ. ನೋಡಲು ಚೆಂದ, ಆದರೆ ಆ ದಿನದ ಅಂಕಿಗಳನ್ನು ಬೇರೆ ಪುಟದಲ್ಲಿ ಬರೆಯಿರಿ. ಬಿಟ್ಟಿ ಊಟವನ್ನು ದುಡಿದು ತಿಂದದ್ದರ ಜೊತೆ ಕೂಡಿಸಿದರೆ ಲೆಕ್ಕ ಕೆಡುತ್ತದೆ. ಮೀನುಗಾರಿಕೆಯ ಗುತ್ತಿಗೆ ಹಿಡಿದವರು "ಇವು ದಿನಕ್ಕೆ ಎಷ್ಟು ಕೆ.ಜಿ. ತಿನ್ನುತ್ತವೆ, ಹೇಳಿ" ಎಂದು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ದಡದಲ್ಲಿ ಎರಡು ಗಂಟೆ ಕುಳಿತು ತೆಗೆದ ಅಂಕಿಯಿಂದ ಅದನ್ನು ಹೇಳಲು ಬರುವುದಿಲ್ಲ. ಬಾಯಿಗೆ ಬಂದ ಸಂಖ್ಯೆ ಹೇಳಿ ಜಗಳಕ್ಕೆ ಕಾರಣರಾಗಬೇಡಿ.

9. ಗೂಡಿನ ಊಟ ನೋಡಬೇಕೆಂದರೆ

ಈಗ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಚಳಿಗಾಲ ಮುಗಿಯುವ ಹೊತ್ತಿಗೆ ಗೂಡುಗಳಲ್ಲಿ ಮರಿಗಳಿರುತ್ತವೆ. ಎಳೆಯ ಮರಿಗೆ ತಾಯಿ ಅಥವಾ ತಂದೆ ಅರೆ ಜೀರ್ಣವಾದ ಮೀನನ್ನು ಕಕ್ಕಿ ಕೊಡುತ್ತದೆ. ಬಲಿತ ಮರಿ ತಾನೇ ತಲೆ, ಕತ್ತನ್ನು ದೊಡ್ಡದರ ಚೀಲದೊಳಗೆ ತೂರಿಸುತ್ತದೆ. ದೂರದಿಂದ ದೊಡ್ಡ ಹಕ್ಕಿ ಮರಿಯನ್ನೇ ನುಂಗುತ್ತಿದೆ ಎನಿಸುತ್ತದೆ. ಹೆಜ್ಜಾರ್ಲೆ ಕುಲದ ಹಲವು ಜಾತಿಗಳಲ್ಲಿ ಊಟದ ಆಸುಪಾಸಿನಲ್ಲಿ ಮರಿ ಮೂರ್ಛೆ ಬಂದಂತೆ ಒದ್ದಾಡಿ, ತನ್ನ ರೆಕ್ಕೆಯನ್ನೇ ಕಚ್ಚಿಕೊಂಡು, ಆಮೇಲೆ ಏನೂ ಆಗದಂತೆ ಏಳುವುದೂ ಉಂಟು. ಕಂಡರೆ ಹೊತ್ತು ಬರೆದುಕೊಳ್ಳಿ, ಮರ ಹತ್ತಿ ಕಾಪಾಡಲು ಹೋಗಬೇಡಿ.

ಕೊಕ್ಕರೆ ಬೆಳ್ಳೂರು 2007ರಿಂದ ಸಮುದಾಯ ಮೀಸಲು, ಅಂದರೆ ಊರಿನ ಜನರನ್ನೂ ಸೇರಿಸಿಕೊಂಡು ಕಾಪಾಡುವ ಪ್ರದೇಶ. ಮರ ನಿಂತಿರುವುದು ಯಾರದೋ ಹಿತ್ತಲಿನಲ್ಲಿ. ಕೇಳಿ ಒಳಗೆ ಹೋಗಿ. ಮರದ ನೇರ ಕೆಳಗೆ ನಿಲ್ಲಬೇಡಿ. ಆ ಹಿಕ್ಕೆ ಊರಿನವರ ಹೊಲಕ್ಕೆ ಒಳ್ಳೆಯ ಗೊಬ್ಬರ, ನಿಮ್ಮ ಅಂಗಿಗಲ್ಲ. ಗೂಡಿನ ಹತ್ತಿರ ಹೊತ್ತಿನ ಮಿತಿ ಇಟ್ಟುಕೊಳ್ಳಿ, ಅರ್ಧ ಗಂಟೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಕ್ಕಿಗೆ, ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದು ಅಪರಾಧ.

10. ಕೆಟ್ಟ ದಿನ

ಕೆಲವು ದಿನ ನೀವು ನೋಡುವ ಹಕ್ಕಿ ಅದ್ದುವುದೇ ಇಲ್ಲ. ಸೊನ್ನೆ ಎಂದು ಬರೆಯಿರಿ, ಪುಟ ಹರಿಯಬೇಡಿ. ಸೊನ್ನೆಗಳನ್ನು ಬಿಟ್ಟ ನೋಟ್‌ಬುಕ್ಕಿನಲ್ಲಿ ಹೆಜ್ಜಾರ್ಲೆ ಯಾವಾಗಲೂ ತಿನ್ನುತ್ತಿರುತ್ತದೆ.

ಮತ್ತೆ ಕೆಲವು ದಿನ ಬೇರೆಯದೇ ಕಾಣುತ್ತದೆ. ಹಕ್ಕಿ ಅದ್ದುತ್ತದೆ, ಆದರೆ ಕೊಕ್ಕು ಪೂರ್ತಿ ತೆರೆಯುವುದಿಲ್ಲ. ಅಥವಾ ಚೀಲದಲ್ಲಿ ತೂತು ಬಿದ್ದು ನೀರು ಧಾರೆಯಾಗಿ ಸೋರುತ್ತದೆ. ಗಾಳದ ನೈಲಾನ್ ದಾರ ಕೊಕ್ಕಿಗೋ ರೆಕ್ಕೆಗೋ ಸುತ್ತಿಕೊಂಡಿರಬಹುದು. ಬೈನಾಕ್ಯುಲರಿನಲ್ಲಿ ಕೊಕ್ಕಿನ ಬುಡ ಮತ್ತು ಕಾಲಿನ ಸಂದುಗಳನ್ನು ನೋಡಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಕೆರೆಯ ಹೆಸರು ಮತ್ತು ಯಾವ ದಡ ಎಂಬುದರ ಸಮೇತ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ತಿಳಿಸಿ. ನೀರಿಗಿಳಿದು ಅಟ್ಟಬೇಡಿ. ದಾರ ಸುತ್ತಿಕೊಂಡ ಹಕ್ಕಿ ಜೊಂಡಿನೊಳಗೆ ನುಗ್ಗಿದರೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಅವರು ಬರುವವರೆಗೆ ಅದು ಯಾವ ಕಡೆ ತೇಲಿತು ಎಂದು ದಡದಿಂದಲೇ ನೋಡುತ್ತಿರಿ.